ಮನೆಮಂದಿಗೆಲ್ಲ ಒಂದೇ ಬಾಟಲಿ?

ವಿಜಯನಗರದ ಹಂಪಿನಗರ. ಗ್ರಂಥಾಲಯದಿಂದ ಎರಡು ಅಡ್ಡರಸ್ತೆ ಆಚೆ ಮೂವತ್ತು–ನಲವತ್ತು ಸೈಟಿನ ಹಳೆಯ ಮನೆಯೊಂದು. ಏಪ್ರಿಲ್ ತಿಂಗಳ ಭಾನುವಾರ, ಬೆಳಿಗ್ಗೆ ಹತ್ತೂವರೆ. ವರಾಂಡದ ಟೀಪಾಯಿಯ ಮೇಲೆ ಎರಡು ಲೋಟ ಫಿಲ್ಟರ್ ಕಾಫಿ, ಅವುಗಳ ನಡುವೆ ಒಂದು ದಪ್ಪನೆಯ ಪ್ಲಾಸ್ಟಿಕ್ ಬಾಟಲಿ. ಅಮೆರಿಕದಲ್ಲಿರುವ ಮಗಳು ಊರಿಗೆ ಬಂದಾಗ ಸೂಟ್‌ಕೇಸಿನ ಮೂಲೆಯಲ್ಲಿ ಇಟ್ಟುಕೊಂಡು ಬಂದದ್ದು. ಐವತ್ತು ದಾಟಿದವರಿಗೆ ಎಂದು ಮುಂದೆ ದೊಡ್ಡಕ್ಷರದಲ್ಲಿ ಬರೆದಿದೆ. ಒಳಗೆ ಇನ್ನೂರು ಮಾತ್ರೆ.

ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ವರ್ಷವಾಯಿತು. ಎದುರು ಕುಳಿತವರು ಹಿಂದಿನ ರಸ್ತೆಯವರು. ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸಿದ್ದರಿಂದ ಬಡಾವಣೆಯಲ್ಲಿ ಎಲ್ಲರಿಗೂ ‘ಮೇಡಂ’.

“ಮೇಡಂ, ಇದರಲ್ಲಿ ಎ ವಿಟಮಿನ್‌ನಿಂದ ಜಿಂಕ್‌ವರೆಗೆ ಇಲ್ಲದ್ದೇ ಇಲ್ಲ. ನಾನು, ನಮ್ಮ ಮನೆಯವರು, ಮಗ, ಸೊಸೆ, ಮೊಮ್ಮಗ. ಎಲ್ಲರೂ ದಿನಕ್ಕೊಂದು ನುಂಗಿದರೆ ಆಯ್ತಲ್ವಾ? ನಾಳೆಯಿಂದ ಶುರು ಮಾಡೋಣ ಅಂತ.”

ಮೇಡಂ ಬಾಟಲಿಯನ್ನು ಕೈಗೆತ್ತಿಕೊಂಡು ಹಿಂಭಾಗ ತಿರುಗಿಸಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಣ್ಣಕ್ಷರದ ಪಟ್ಟಿಯ ಮೇಲೆ ಉಗುರಿನ ತುದಿ ಇಟ್ಟು ಒಂದೊಂದೇ ಸಾಲು ಇಳಿದರು.

“ಕಬ್ಬಿಣ ಇದೆಯಾ ಹೇಳಿ ನೋಡೋಣ.”

“ಇರಲೇಬೇಕಲ್ಲ.”

“ಇಲ್ಲ. ಐವತ್ತು ದಾಟಿದವರ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಮುಟ್ಟು ನಿಂತ ಹೆಂಗಸರಿಗೆ, ವಯಸ್ಸಾದ ಗಂಡಸರಿಗೆ ಹೆಚ್ಚುವರಿ ಕಬ್ಬಿಣ ಬೇಕಾಗೋದು ಕಡಿಮೆ. ಬೇಡದವರ ಮೈಯಲ್ಲಿ ಅದು ಸೇರುತ್ತಾ ಹೋದರೆ ಹೊರಗೆ ಹಾಕೋ ದಾರಿ ನಮ್ಮ ದೇಹಕ್ಕಿಲ್ಲ. ಹಾಗಾಗಿ ಇದು ನಿಮಗೆ ಸರಿ. ನಿಮ್ಮ ಸೊಸೆಗೆ ಮುಖ್ಯವಾಗಿ ಬೇಕಾದದ್ದೇ ಇದರಲ್ಲಿಲ್ಲ. ಕ್ಯಾಲ್ಸಿಯಂ ನೋಡಿ, 200 ಮಿಲಿಗ್ರಾಂ ಚಿಲ್ಲರೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. ಅಷ್ಟನ್ನೂ ತುಂಬಿದರೆ ಮಾತ್ರೆ ಗಂಟಲಲ್ಲಿ ಇಳಿಯದಷ್ಟು ದೊಡ್ಡದಾಗುತ್ತೆ. ಎಲ್ಲ ಇದೆ ಅಂದರೆ ಎಲ್ಲವೂ ಸಾಕಷ್ಟಿದೆ ಅಂತ ಅರ್ಥ ಅಲ್ಲ.”

“ಆದರೆ ಶೇಕಡಾ ನೂರು, ಶೇಕಡಾ ನೂರು ಅಂತ ಬರೆದಿದ್ದಾರಲ್ಲ?”

“ಅದು ಅವರ ದೇಶದ ಅಳತೆ. ಕಬ್ಬಿಣಕ್ಕೆ ಅವರು 18 ಮಿಲಿಗ್ರಾಮನ್ನು ನೂರು ಅಂತ ಹಿಡೀತಾರೆ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಗಂಡಸಿಗೆ 19, ಹೆಂಗಸಿಗೆ 29. ನಾವು ತಿನ್ನೋ ಅಕ್ಕಿ, ರಾಗಿ, ಬೇಳೆಯಲ್ಲಿರೋ ಫೈಟೇಟ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತೆ, ಕರುಳಿಗೆ ಬಿಟ್ಟುಕೊಡೋದು ಕಡಿಮೆ. ಅದಕ್ಕೇ ನಮ್ಮ ಲೆಕ್ಕ ಹೆಚ್ಚು. ಅಲ್ಲಿ ನೂರು ಅನ್ನಿಸಿಕೊಂಡ ಮಾತ್ರೆ ಇಲ್ಲಿಯ ಹೆಣ್ಣುಮಗಳಿಗೆ ಅರವತ್ತೆರಡು.”

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಲೆಕ್ಕಪತ್ರದ ಜೊತೆ ಜೀವನ ಕಳೆದವರಿಗೆ ಇಂಥ ಮಾತು ಬೇಗ ನಾಟುತ್ತದೆ.

ಮೇಡಂ ಮುಂದೆ ಕೇಳಿದ್ದು ಬಾಟಲಿಯ ವಿಷಯವನ್ನಲ್ಲ. ದಿನಾ ಯಾವ ಮಾತ್ರೆ ತಗೋತೀರಿ ಎಂದರು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹನ್ನೆರಡು ವರ್ಷದಿಂದ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸಿನ ಮಾತ್ರೆ, ಅದೂ ನಾಲ್ಕೈದು ವರ್ಷವಾಯಿತು. ಊಟ ಶುದ್ಧ ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಪಾದ ಆಗಾಗ ಜುಮ್ಮೆನ್ನುತ್ತದೆ. ಚಪ್ಪಲಿ ಕಾಲಿನಿಂದ ಜಾರಿದ್ದು ಒಮ್ಮೊಮ್ಮೆ ತಿಳಿಯುವುದಿಲ್ಲ.

“ಅದು ಶುಗರ್‌ದು ಮೇಡಂ. ಎಲ್ಲರಿಗೂ ಇದ್ದದ್ದೇ.”

“ಇರಬಹುದು. ಬಿ-12 ಕೊರತೆಯಿಂದ ನರ ಸವೆದರೂ ಹೀಗೇ ಜುಮ್ಮೆನ್ನುತ್ತೆ. ಎರಡನ್ನೂ ಪಾದ ನೋಡಿ ಬೇರ್ಪಡಿಸೋಕೆ ಆಗಲ್ಲ, ರಕ್ತ ನೋಡಬೇಕು. ನಿಮಗೆ ಕೊರತೆ ಬರೋದಕ್ಕೆ ಮೂರು ಕಾರಣ ಒಟ್ಟಿಗೆ ಕೂತಿವೆ. ಬಿ-12 ಗಿಡದಲ್ಲಿ ಹುಟ್ಟಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಇಷ್ಟರಿಂದಲೇ ಬರಬೇಕು. ನಿಮಗೆ ಉಳಿದಿರೋದು ಹಾಲು ಮಾತ್ರ. ಎರಡನೆಯದು ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತಗೊಂಡರೆ ಸಣ್ಣ ಕರುಳಿನ ಕೊನೆಯಲ್ಲಿ ಬಿ-12 ಒಳಗೆ ಹೋಗೋದನ್ನು ಅದು ಕುಗ್ಗಿಸುತ್ತೆ. ಮೂರನೆಯದು ಗ್ಯಾಸಿನ ಮಾತ್ರೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರೋ ಬಿ-12 ಬಿಡಿಸೋಕೆ ಹೊಟ್ಟೆಯ ಆಮ್ಲ ಬೇಕು, ಆ ಮಾತ್ರೆ ಆಮ್ಲವನ್ನೇ ಕಡಿಮೆ ಮಾಡುತ್ತೆ.”

“ಹಾಲು ಕುಡೀತೀನಲ್ಲ.”

“ಎಷ್ಟು?”

“ಎರಡು ಹೊತ್ತು ಕಾಫಿ. ಮಧ್ಯಾಹ್ನ ಮಜ್ಜಿಗೆ.”

“ಕಾಫಿಗೆ ಬೀಳೋದು ಎಲ್ಲ ಸೇರಿ ನೂರೈವತ್ತು ಎಂಎಲ್ ಹಾಲು. ನೂರು ಎಂಎಲ್‌ನಲ್ಲಿ ಹೆಚ್ಚು ಅಂದರೆ ಅರ್ಧ ಮೈಕ್ರೋಗ್ರಾಂ ಬಿ-12. ನಮಗೆ ದಿನಕ್ಕೆ ಬೇಕಾದದ್ದು 2.2. ನೀರು ಮಜ್ಜಿಗೆಯಿಂದ ಅದು ತುಂಬಲ್ಲ. ಅರ್ಧ ಲೀಟರ್ ಹಾಲೋ ಗಟ್ಟಿ ಮೊಸರೋ ದಿನಾ ಒಳಗೆ ಹೋಗಬೇಕು. ಇನ್ನೊಂದು ವಿಷಯ ಇದೆ. ಯಕೃತ್ತಿನಲ್ಲಿ ಬಿ-12 ಠೇವಣಿ ಇರುತ್ತೆ, ವರ್ಷಗಟ್ಟಲೆ ನಡೆಯುತ್ತೆ. ಅದಕ್ಕೇ ಕೊರತೆ ತಡವಾಗಿ ಗೊತ್ತಾಗೋದು. ಖಾತೆ ಖಾಲಿಯಾಗ್ತಿರೋದು ಪಾಸ್‌ಬುಕ್ ನೋಡದೆ ತಿಳಿಯಲ್ಲ, ನಿಮಗೆ ನಾನು ಹೇಳಬೇಕಾ?”

ಯಜಮಾನರು ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಬಿ-12ರ ಸಾಲು ಹುಡುಕಿದರು. 25 ಮೈಕ್ರೋಗ್ರಾಂ. “ಇದೇ ಹತ್ತು ಪಟ್ಟು ಆಯ್ತಲ್ಲ! ಔಷಧಿ ಅಂಗಡಿಯಲ್ಲಿ ಸಾವಿರ, ಸಾವಿರದೈನೂರು ಮೈಕ್ರೋಗ್ರಾಂ ಮಾತ್ರೆ ಕೊಡ್ತಾರೆ. ಅಷ್ಟು ಯಾಕೆ ಮತ್ತೆ?”

“ಬಿ-12 ಒಳಗೆ ಹೋಗೋಕೆ ಹೊಟ್ಟೆಯಲ್ಲಿ ಒಂದು ವಾಹಕ ಪ್ರೋಟೀನ್ ಇದೆ. ಅದು ಒಂದು ಸಲಕ್ಕೆ ಒಯ್ಯೋದು ಒಂದೂವರೆ, ಎರಡು ಮೈಕ್ರೋಗ್ರಾಂ. ಮಾತ್ರೆ ಎಷ್ಟೇ ದೊಡ್ಡದಿದ್ದರೂ ಸೀಟು ಅಷ್ಟೇ. ಮಿಕ್ಕಿದ್ದರಲ್ಲಿ ನೂರಕ್ಕೆ ಒಂದರಷ್ಟು ತಾನಾಗಿ ಕರುಳಿನ ಗೋಡೆ ದಾಟುತ್ತೆ. ಸಾವಿರದ ಮಾತ್ರೆಯಿಂದ ಹತ್ತು ಮೈಕ್ರೋಗ್ರಾಂ ರಕ್ತಕ್ಕೆ ಸಿಗೋದು ಹಾಗೆ. ಕೊರತೆ ಬಂದವರಿಗೆ ಅಷ್ಟು ಬೇಕು. ಬರದ ಹಾಗೆ ನೋಡಿಕೊಳ್ಳೋರಿಗೆ ಇಪ್ಪತ್ತೈದು ಸಾಕು. ನೀವು ಯಾವ ಗುಂಪು ಅನ್ನೋದು ಪರೀಕ್ಷೆಯಾದ ಮೇಲೇ ಗೊತ್ತಾಗೋದು.”

ಬಾಟಲಿ ಖರೀದಿಸುವ ಮೊದಲು ತಟ್ಟೆಯಲ್ಲಿ ಏನಿಲ್ಲ ಎಂದು ನೋಡಬೇಕು, ಕಪಾಟಿನಲ್ಲಿ ಬೇರೆ ಯಾವ ಮಾತ್ರೆ ಇದೆ ಎಂದೂ ನೋಡಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಇರುವ ಮಲ್ಟಿವಿಟಮಿನ್ ನುಂಗಲು ನಾಲ್ಕು ಗಂಟೆ ಕಾಯಬೇಕು, ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಕರುಳಲ್ಲೇ ಉಳಿಯುತ್ತದೆ. ವಾರ್ಫರಿನ್ ಜಾತಿಯ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇರುವವರು ಕೆ ವಿಟಮಿನ್ ಇರುವ ಬಾಟಲಿಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಯಜಮಾನರು ಅಷ್ಟಕ್ಕೇ ಬಿಡುವವರಲ್ಲ. “ಇನ್ಶೂರೆನ್ಸ್ ಅಂತ ತಿಳ್ಕೊಳ್ಳಿ ಮೇಡಂ. ಕೊರತೆ ಇರಲಿ ಬಿಡಲಿ, ಒಂದು ಮಾತ್ರೆ ಹೊಟ್ಟೆಯಲ್ಲಿದ್ದರೆ ನಷ್ಟ ಏನು? ಕ್ಯಾನ್ಸರ್ ಕೂಡ ಕಡಿಮೆ ಆಗುತ್ತಂತೆ, ಓದಿದ್ದೆ.”

“ನೀವು ಓದಿದ್ದು ಅಮೆರಿಕದ ವೈದ್ಯರ ಮೇಲೆ ನಡೆದ ಅಧ್ಯಯನ ಇರಬೇಕು. 2012ರಲ್ಲಿ ಬಂತು. ಐವತ್ತು ದಾಟಿದ 14,641 ಗಂಡು ಡಾಕ್ಟರುಗಳಲ್ಲಿ ಅರ್ಧ ಜನಕ್ಕೆ ಮಲ್ಟಿವಿಟಮಿನ್, ಅರ್ಧ ಜನಕ್ಕೆ ಅದೇ ರೀತಿ ಕಾಣೋ ಖಾಲಿ ಮಾತ್ರೆ. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ. ಖಾಲಿ ಮಾತ್ರೆಯವರಲ್ಲಿ ಸಾವಿರಕ್ಕೆ ವರ್ಷಕ್ಕೆ 18.3 ಕ್ಯಾನ್ಸರ್, ವಿಟಮಿನ್ ಮಾತ್ರೆಯವರಲ್ಲಿ 17. ಅಂದರೆ ಶೇಕಡಾ ಏಳೆಂಟು ಕಡಿಮೆ, ಅಷ್ಟೇ. ಹೃದಯಾಘಾತದಲ್ಲಿ ವ್ಯತ್ಯಾಸವೇ ಬರಲಿಲ್ಲ. ಅವರೂ ಹೊಟ್ಟೆ ತುಂಬ ಉಂಡ ವೈದ್ಯರು. ಆಮೇಲೆ 2024ರಲ್ಲಿ ಅಲ್ಲಿಯದೇ ಸುಮಾರು ಮೂರು ಲಕ್ಷ ತೊಂಬತ್ತು ಸಾವಿರ ಆರೋಗ್ಯವಂತರ ಇಪ್ಪತ್ತು ವರ್ಷದ ದಾಖಲೆ ನೋಡಿದರು. ದಿನಾ ಮಲ್ಟಿವಿಟಮಿನ್ ತಗೊಂಡೋರು ಹೆಚ್ಚು ಕಾಲ ಬದುಕಿದರು ಅಂತ ಕಾಣಲಿಲ್ಲ.”

“ಹಾಗಂದರೆ ಲಾಭ ಇಲ್ಲ ಅನ್ನಿ. ನಷ್ಟವಂತೂ ಇಲ್ಲವಲ್ಲ?”

“ನಿಮ್ಮ ಮಗ ಸಿಗರೇಟು ಬಿಟ್ಟಿದಾನಾ?”

ಉತ್ತರ ತಕ್ಷಣ ಬರಲಿಲ್ಲ.

“ಫಿನ್ಲೆಂಡಿನಲ್ಲಿ ಸಿಗರೇಟು ಸೇದೋ 29,133 ಗಂಡಸರನ್ನು ಆರಿಸಿ, ಕೆಲವರಿಗೆ ಬೀಟಾ ಕ್ಯಾರೊಟಿನ್ ಕೊಟ್ಟರು. ಕ್ಯಾರೆಟ್ಟಿನ ಬಣ್ಣದ್ದು, ಎ ವಿಟಮಿನ್ ಆಗೋದು. ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತೆ ಅನ್ನೋ ನಂಬಿಕೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡಾ 18 ಹೆಚ್ಚಾಗಿತ್ತು. ಕ್ಯಾರೆಟ್ ತಿಂದವರಿಗೆ ಏನೂ ಆಗಲ್ಲ, ದಿನಕ್ಕೆ 20 ಮಿಲಿಗ್ರಾಂ ಗುಳಿಗೆಯಾಗಿ ನುಂಗಿದವರಿಗೆ ಆಯ್ತು. ಅದಕ್ಕೇ ಸಿಗರೇಟು ಸೇದೋ ಮನುಷ್ಯ ಬೀಟಾ ಕ್ಯಾರೊಟಿನ್ ತುಂಬಿದ ಬಾಟಲಿ ಮುಟ್ಟಬಾರದು.”

“ನಮ್ಮ ತಾತ ಇದ್ಯಾವುದೂ ಇಲ್ಲದೆ ತೊಂಬತ್ತು ಬದುಕಿದರು ಬಿಡಿ,” ಎಂದರು ಯಜಮಾನರು, ಮಾತನ್ನು ಬೇರೆ ಕಡೆ ಹೊರಳಿಸುತ್ತ.

ಮೇಡಂ ಈ ಮಾತನ್ನೂ ಒಪ್ಪಲಿಲ್ಲ. ಬದುಕಿದವರ ಕತೆ ಮಾತ್ರ ಮನೆಯಲ್ಲಿ ಉಳಿಯುತ್ತದೆ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ ಸಣ್ಣ ಪ್ರಯೋಗಾಲಯ ತೆರೆದದ್ದು ಬೆರಿಬೆರಿ ಏಕೆ ಬರುತ್ತದೆ ಎಂದು ತಿಳಿಯಲು. ಮಿಲ್ಲಿನ ಬಿಳಿ ಅಕ್ಕಿಯನ್ನೇ ನೆಚ್ಚಿದವರ ಕಾಲು ಊದಿ, ಹೃದಯ ಸೋಲುತ್ತಿದ್ದ ಕಾಯಿಲೆ ಅದು. ಆ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ದಖ್ಖನ್ ಸೀಮೆಯಲ್ಲಿ ಜೋಳವೊಂದನ್ನೇ ಉಣ್ಣುವ ಬಡವರ ಕೈಕಾಲಿನ ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರವನ್ನು ಅಧ್ಯಯನ ಮಾಡಿದರು. ತಾತನ ಕಾಲದಲ್ಲಿ ಕೊರತೆ ಇರಲಿಲ್ಲವೆಂದಲ್ಲ, ಮನೆಮಂದಿಗೆ ಅದರ ಹೆಸರು ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಹಡಿಯಿಂದ ಸೊಸೆ ಕೂಗಿದಳು: “ಮೇಡಂ, ಸಂಡಿಗೆ ನೋಡೋಕೆ ಬರ್ತೀನಿ ಅಂದಿದ್ದಿರಿ!”

ತಾರಸಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಅಂಚು ಆಗಲೇ ಒಣಗಿ ಮೇಲೆದ್ದಿತ್ತು. ಮನೆಕೆಲಸಕ್ಕೆ ಮೂಡಲಪಾಳ್ಯದಿಂದ ಬರುವ ಹೆಂಗಸು ಒಂದು ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಾಗೆ ಓಡಿಸುತ್ತಿದ್ದಳು. ಸುತ್ತಲಿನ ಮನೆಗಳೆಲ್ಲ ಮೂರು, ನಾಲ್ಕು ಅಂತಸ್ತಿಗೆ ಏರಿವೆ. ಕೆಳಗಿನ ವರಾಂಡಕ್ಕೆ ಬಿಸಿಲು ಬಿದ್ದು ಎಷ್ಟೋ ವರ್ಷವಾಗಿದೆ.

“ದಿನಾ ಬೆಳಿಗ್ಗೆ ಆರೂವರೆಗೆ ಮಾರುತಿ ಮಂದಿರದ ತನಕ ವಾಕ್ ಹೋಗ್ತೀನಿ,” ಎಂದಳು ಸೊಸೆ, “ಎಳೆಬಿಸಿಲಲ್ಲಿ ಡಿ ವಿಟಮಿನ್ ಸಿಗುತ್ತೆ ಅಂತ. ಆದರೂ ರಿಪೋರ್ಟಿನಲ್ಲಿ ಕಡಿಮೆ ಬಂತು.”

“ವಾಕ್ ಒಳ್ಳೇದೇ. ಎಳೆಬಿಸಿಲಲ್ಲಿ ಡಿ ಮಾತ್ರ ಸಿಗಲ್ಲ. ಚರ್ಮದಲ್ಲಿ ಡಿ ಮಾಡೋ ಕಿರಣ ಸೂರ್ಯ ಓರೆಯಾಗಿದ್ದಾಗ ಗಾಳಿಯಲ್ಲೇ ಸೋಸಿಹೋಗುತ್ತೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಸಂಡಿಗೆ ಒಣಗೋ ಹೊತ್ತೇ ಡಿ ವಿಟಮಿನ್ ಹೊತ್ತು. ಇಲ್ಲಿ ಹದಿನೈದು ಇಪ್ಪತ್ತು ನಿಮಿಷ, ತೋಳು ಬಿಟ್ಟುಕೊಂಡು ಕೂರಿ. ಕಿಟಕಿಯ ಗಾಜಿನ ಒಳಗೆ ಕೂತರೆ ಪ್ರಯೋಜನ ಇಲ್ಲ.”

“ವೈದ್ಯರು ಅರವತ್ತು ಸಾವಿರದ ಪುಡಿ ಕೊಟ್ಟಿದ್ದಾರೆ.”

“ವಾರಕ್ಕೊಂದು ಅಲ್ವಾ? ಮುಗಿದ ಮೇಲೆ ನಿಲ್ಲಿಸಿ. ಅದನ್ನು ದಿನಾ ಹಾಲಿಗೆ ಹಾಕಿಕೊಂಡು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಾಗಿ, ಕಿಡ್ನಿ ಕೆಡಿಸಿಕೊಳ್ಳೋರು ಇದಾರೆ. ದೊಡ್ಡವರಿಗೆ ದಿನದ ಅಗತ್ಯ 600 ಐಯು, ವೈದ್ಯರು ಹೇಳದೆ 4,000 ದಾಟಬಾರದು. ಡಿ ನೀರಲ್ಲಿ ಕರಗೋದಲ್ಲ, ಕೊಬ್ಬಿನಲ್ಲಿ ಉಳಿಯೋದು. ಬಿ ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಹಳದಿ ಆಗುತ್ತಲ್ಲ, ಅದು ಮಿಕ್ಕ ಬಿ-2 ಹೊರಗೆ ಹೋಗ್ತಿರೋದು. ಎ, ಡಿಗೆ ಆ ದಾರಿ ಇಲ್ಲ.”

ಸೊಸೆ ಸ್ವಲ್ಪ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದಳು. ಎರಡನೇ ಮಗುವಿನ ಯೋಚನೆ ಇದೆ. ಯಾವ ಮಲ್ಟಿವಿಟಮಿನ್ ಒಳ್ಳೆಯದು?

“ಫೋಲಿಕ್ ಆಮ್ಲ, ಈಗಿನಿಂದಲೇ. ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತ ಇಪ್ಪತ್ತೆಂಟು ದಿನದೊಳಗೆ ಮುಚ್ಚಿಕೊಳ್ಳಬೇಕು. ತುಂಬ ಜನಕ್ಕೆ ಗರ್ಭಿಣಿ ಅಂತ ಗೊತ್ತಾಗೋ ಹೊತ್ತಿಗೆ ಆ ಕೆಲಸ ಮುಗಿದಿರುತ್ತೆ. ಆಮೇಲೆ ತಗೊಂಡರೆ ಅದಕ್ಕೆ ತಡ.”

“ಬರೀ ಅದೊಂದೇನಾ? ಎಲ್ಲ ವಿಟಮಿನ್ ಇರೋದು ತಗೊಂಡರೆ ಇನ್ನೂ ಒಳ್ಳೇದಲ್ವಾ?”

“ಇದೇ ಪ್ರಶ್ನೆಗೆ ಉತ್ತರ ಹುಡುಕಿದಾರೆ. ಬೆನ್ನುಹುರಿ ಮುಚ್ಚದ ಮಗುವನ್ನು ಒಮ್ಮೆ ಹೆತ್ತ 1,817 ತಾಯಂದಿರು, ಏಳು ದೇಶದವರು. ಕೆಲವರಿಗೆ ಫೋಲಿಕ್ ಆಮ್ಲ, ಕೆಲವರಿಗೆ ಫೋಲಿಕ್ ಬಿಟ್ಟು ಎ, ಡಿ, ಸಿ, ಬಿ ವಿಟಮಿನ್‌ಗಳು, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. 1991ರಲ್ಲಿ ಲೆಕ್ಕ ಹಾಕಿದರು. ಮತ್ತೆ ಅದೇ ತೊಂದರೆಯಾದ ಮಕ್ಕಳು ಇಪ್ಪತ್ತೇಳು. ಅದರಲ್ಲಿ ಇಪ್ಪತ್ತೊಂದು ಫೋಲಿಕ್ ಸಿಗದ ತಾಯಂದಿರವು, ಆರು ಸಿಕ್ಕಿದವರವು. ಉಳಿದ ವಿಟಮಿನ್‌ಗಳು ಮಗುವನ್ನು ಕಾಪಾಡಿದ ಗುರುತು ಸಿಗಲಿಲ್ಲ. ಏಳು ವಿಟಮಿನ್ ಮಾಡದ ಕೆಲಸ ಒಂದೇ ಮಾಡಿತು.”

ಫೋಲಿಕ್ ಆಮ್ಲದ ಕತೆಗೆ ಭಾರತದ ಹೆಂಗಸರೇ ಮೂಲ ಎಂಬುದನ್ನು ಮೇಡಂ ತಮ್ಮ ವಿದ್ಯಾರ್ಥಿನಿಯರಿಗೆ ಪ್ರತಿವರ್ಷ ಹೇಳುತ್ತಿದ್ದರಂತೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಗರ್ಭಿಣಿಯರು ರಕ್ತಹೀನತೆಯಿಂದ ಸಾಯುವುದನ್ನು ಕಂಡರು. ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಬರೆದರು. ಅದರೊಳಗಿದ್ದ ವಸ್ತುವೇ ಫೋಲಿಕ್ ಆಮ್ಲ. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ಮುನ್ನಡೆಸಿದ್ದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

“ಅಷ್ಟು ದೂರ ಯಾಕೆ,” ಎಂದು ಮೇಡಂ ಪೂರ್ವ ದಿಕ್ಕಿಗೆ ಕೈ ತೋರಿಸಿದರು. “ನಮ್ಮ ಹೊಸಹಳ್ಳಿ ರೆಫರಲ್ ಆಸ್ಪತ್ರೆ. ಮೆಟ್ರೋದಲ್ಲಿ ಹೋದರೆ ಮುಂದಿನ ಸ್ಟೇಷನ್. ಸೇಂಟ್ ಜಾನ್ಸ್ ಸಂಶೋಧಕರೂ ಹಾರ್ವರ್ಡ್‌ನವರೂ ಸೇರಿ ಅಲ್ಲಿಗೆ ಬರೋ ಬಸುರಿಯರ ಮೇಲೆ ಬಿ-12 ಅಧ್ಯಯನ ಮಾಡಿದರು. ಒಟ್ಟು 366 ಜನ. ಎಲ್ಲರಿಗೂ ಕಬ್ಬಿಣ ಮತ್ತು ಫೋಲಿಕ್ ಇತ್ತು. ಅರ್ಧ ಜನಕ್ಕೆ ಅದರ ಜೊತೆ ದಿನಕ್ಕೆ 50 ಮೈಕ್ರೋಗ್ರಾಂ ಬಿ-12, ಇನ್ನರ್ಧಕ್ಕೆ ಖಾಲಿ ಮಾತ್ರೆ. ರಕ್ತದಲ್ಲಿ ಬಿ-12 ಲೀಟರಿಗೆ ನೂರೈವತ್ತು ಪಿಕೋಮೋಲ್‌ಗಿಂತ ಕಡಿಮೆ ಅಂದರೆ ಕೊರತೆ. ನಮ್ಮ ಲ್ಯಾಬಿನ ರಿಪೋರ್ಟುಗಳಲ್ಲಿ ಅದನ್ನೇ ಸುಮಾರು ಇನ್ನೂರು ಅಂತ ಬೇರೆ ಅಳತೆಯಲ್ಲಿ ಬರೀತಾರೆ. ಐದಾರು ತಿಂಗಳ ಹೊತ್ತಿಗೆ ಖಾಲಿ ಮಾತ್ರೆಯವರ ನಡುಮಟ್ಟ 111. ಬಿ-12 ಸಿಕ್ಕವರದು 216. ಹೆರಿಗೆಯಾಗಿ ಆರು ವಾರಕ್ಕೆ ಎದೆಹಾಲಿನಲ್ಲೂ ವ್ಯತ್ಯಾಸ ಇತ್ತು, 87 ಮತ್ತು 136. ಮಗುವಿನ ರಕ್ತದಲ್ಲೂ ಇತ್ತು.”

“ಮಕ್ಕಳು ಚುರುಕಾದರಾ?”

“ಒಂಬತ್ತು ತಿಂಗಳಲ್ಲಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಎರಡೂವರೆ ವರ್ಷದಲ್ಲಿ ಮಾತಾಡೋದರಲ್ಲಿ ಬಿ-12 ಸಿಕ್ಕ ತಾಯಂದಿರ ಮಕ್ಕಳು ಮುಂದಿದ್ದರು. ಅದಕ್ಕಿಂತ ಹೆಚ್ಚು ನಾನು ಹೇಳಲ್ಲ. ಆದರೆ ಆ 111 ಅನ್ನೋ ಸಂಖ್ಯೆ ಇದೆಯಲ್ಲ, ಬಿ-12 ಸಿಗದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊರತೆಯಲ್ಲಿದ್ದರು ಅಂತಲೇ ಅದರ ಅರ್ಥ. ಈ ಬಡಾವಣೆಯ ಪಕ್ಕದ ಹೆಣ್ಣುಮಕ್ಕಳು. ಬರೀ ಫೋಲಿಕ್ ಜಾಸ್ತಿ ಕೊಟ್ಟು ಬಿ-12 ಮರೆತರೆ ಇನ್ನೊಂದು ಅಪಾಯ. ರಕ್ತ ಸರಿಹೋದ ಹಾಗೆ ಕಾಣುತ್ತೆ, ನರ ಒಳಗೇ ಸವೆಯುತ್ತೆ. ಅದಕ್ಕೇ ನೀವು ಆರಿಸೋ ಮಾತ್ರೆಯಲ್ಲಿ ಫೋಲಿಕ್ ಜೊತೆ ಬಿ-12 ಇರಲಿ. ಮತ್ತೆ ಎ ವಿಟಮಿನ್ ಸಾಲು ನೋಡಿ. ರೆಟಿನಾಲ್ ಅಂತ ಇದ್ದರೆ ದಿನಕ್ಕೆ 3,000 ಮೈಕ್ರೋಗ್ರಾಂ, ಅಂದರೆ ಹತ್ತು ಸಾವಿರ ಐಯು ದಾಟಬಾರದು. ಹೆಚ್ಚಾದರೆ ಮಗುವಿನ ಅಂಗಗಳೇ ಕೆಡಬಹುದು. ಮಲ್ಟಿವಿಟಮಿನ್ ಜೊತೆ ಕಾಡ್ ಲಿವರ್ ಎಣ್ಣೆಯ ಗುಳಿಗೆಯನ್ನೂ ತಗೊಂಡರೆ ಗೊತ್ತಿಲ್ಲದೆ ಎ ಎರಡೆರಡು ಸಲ ಸೇರುತ್ತೆ.”

ಸೊಸೆಯ ಕೈಚೀಲದಲ್ಲಿ ಇನ್ನೊಂದು ಡಬ್ಬಿ ಇತ್ತು. ಕೂದಲು ಉದುರುವುದಕ್ಕೆ ಬಯೋಟಿನ್, 10,000 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ನಲವತ್ತರಷ್ಟು. ಹೆಚ್ಚಾದ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ. ಥೈರಾಯ್ಡ್ ಸರಿಯಿದ್ದರೂ ಕೆಟ್ಟಂತೆ ತೋರಿಸಬಹುದು, ಹೃದಯಾಘಾತವಾಗಿದ್ದರೂ ಆಗಿಲ್ಲವೆಂದು ತೋರಿಸಬಹುದು. ಅಮೆರಿಕದ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಲ್ಯಾಬಿಗೆ ಹೋಗುವ ಎರಡು ದಿನ ಮೊದಲಾದರೂ ನಿಲ್ಲಿಸಬೇಕು, ಲ್ಯಾಬಿನವರಿಗೆ ಹೇಳಬೇಕು.

ಕಾಗೆ ಓಡಿಸುತ್ತಿದ್ದವಳು ಇಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದಳು. ಏಳಲು ಹೋಗಿ ಗೋಡೆ ಹಿಡಿದು ನಿಂತಳು.

“ಅಮ್ಮಾ, ನಂಗೂ ಒಂದು ಹೇಳಿ. ಮೆಟ್ಲು ಹತ್ತಿದ್ರೆ ಏದುಸಿರು. ಅಂಗಡೀಲಿ ಟಾನಿಕ್ ಕೊಟ್ಟವ್ರೆ, ತಿಂಗ್ಳಿಗೊಂದು ಬಾಟ್ಲಿ ಕುಡೀತೀನಿ.”

ಮೇಡಂ ಅವಳ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಇಳಿಸಿ ನೋಡಿದರು. ಒಳಭಾಗ ಕೆಂಪಗಿರಬೇಕಾದಲ್ಲಿ ಸಂಡಿಗೆ ಹಿಟ್ಟಿನಂತೆ ಬೆಳ್ಳಗಿತ್ತು. ವಯಸ್ಸು ಮೂವತ್ತೆಂಟು. ತಿಂಗಳ ಮುಟ್ಟು ಎಂಟು ಹತ್ತು ದಿನ ಹೋಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಟೀ, ನಾಲ್ಕು ಮನೆಯಲ್ಲಿ ಕೆಲಸ, ನಾಲ್ಕು ಮನೆಯಲ್ಲೂ ತಿಂಡಿಯ ಜೊತೆ ಟೀ ಅಥವಾ ಕಾಫಿ.

“ಟಾನಿಕ್ಕಿನ ಬೆನ್ನ ಮೇಲೆ ಕಬ್ಬಿಣ ಎಷ್ಟಿದೆ ಅಂತ ಯಾರಾದರೂ ಓದಿ ಹೇಳಿದಾರಾ? ಫೆರಸ್ ಫ್ಯೂಮರೇಟ್ ಇಷ್ಟು ಮಿಲಿಗ್ರಾಂ ಅಂತ ಇದ್ದರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಕಬ್ಬಿಣ. ಎಲಿಮೆಂಟಲ್ ಐರನ್ ಅಂತ ಬರೆದಿರೋ ಅಂಕಿ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡೋ ಕೆಂಪು ಮಾತ್ರೆ ಇದೆಯಲ್ಲ, ಅದರಲ್ಲಿ ಪೂರ್ತಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತ ಕಡಿಮೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ದಿನಕ್ಕೆ ಎರಡು ಕೊಡ್ತಾರೆ. ದುಡ್ಡು ಕೊಡಬೇಕಾಗಿಲ್ಲ.”

“ಅದ್ ತಿಂದ್ರೆ ಹೊಟ್ಟೆ ತೊಳ್ಸತ್ತೆ ಅಂತಾರೆ. ಮಲ ಕಪ್ಪಾಯ್ತದಂತೆ.”

“ಕಪ್ಪಾಗುತ್ತೆ, ಹೆದರಬೇಡ, ಅದು ಮಿಕ್ಕಿದ ಕಬ್ಬಿಣ. ಹೊಟ್ಟೆ ತೊಳೆಸಿದರೆ ಊಟ ಆದ ಮೇಲೆ, ರಾತ್ರಿ ಮಲಗೋ ಮುಂಚೆ ತಗೋ. ನಿಂಬೆಹಣ್ಣಿನ ನೀರು ಜೊತೆ ಕುಡಿ. ಟೀ, ಕಾಫಿ ಮಾತ್ರ ಅದರ ಹತ್ತಿರ ಬರಬಾರದು.”

ಕಾಫಿಯ ಮಾತು ಬಂದಾಗ ಮೇಡಂ ಒಂದು ಹಳೆಯ ಪ್ರಯೋಗವನ್ನು ಬಿಡಿಸಿ ಹೇಳಿದರು. 1983ರಲ್ಲಿ ಪ್ರಕಟವಾದದ್ದು. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಕಬ್ಬಿಣ ಹೀರುವಿಕೆ ಶೇಕಡಾ 39 ಇಳಿಯಿತು, ಟೀ ಕುಡಿದರೆ 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಇಳಿಕೆಯಾಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ಇಳಿಯಿತು. ಬೆಂಗಳೂರಿನ ದರ್ಶಿನಿಗಳಲ್ಲಿ ಇಡ್ಲಿ ತಿಂದ ತಕ್ಷಣ ಕಾಫಿ ಕೇಳುವ ನಮ್ಮ ಅಭ್ಯಾಸಕ್ಕೆ ಇದು ನೇರವಾಗಿ ತಾಗುವ ವಿಷಯ. ರಕ್ತ ಕಡಿಮೆಯಿರುವ ಹೆಂಗಸರು ಕಾಫಿಯನ್ನು ತಿಂಡಿಗೆ ಮೊದಲೇ ಕುಡಿದು ಮುಗಿಸಿದರೆ ಒಳ್ಳೆಯದು.

“ಇನ್ನೊಂದು, ಮುಟ್ಟು ಅಷ್ಟು ದಿನ ಯಾಕೆ ಹೋಗ್ತಿದೆ ಅಂತ ಹೆಂಗಸರ ಡಾಕ್ಟರಿಗೆ ತೋರಿಸು. ಗರ್ಭಕೋಶದಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತೆ. ತೂತು ಮುಚ್ಚದೆ ಕೊಡಕ್ಕೆ ನೀರು ಹೊತ್ತರೆ ಏನು ಬಂತು?”

2019ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ 65.5. ಇಷ್ಟು ಜನಕ್ಕೆ ಬೇಕಾಗಿರುವುದು ಇಪ್ಪತ್ತು ಹೆಸರಿನ ಬಣ್ಣದ ಬಾಟಲಿಯಲ್ಲ. ಬೇಕಾಗಿರುವುದು ಸರಿಯಾದ ಪ್ರಮಾಣದಲ್ಲಿ ಒಂದೋ ಎರಡೋ ವಸ್ತು, ತಪ್ಪದೆ ಕೆಲವು ತಿಂಗಳು. ದುಡಿದ ಹಣದಲ್ಲಿ ಪ್ರತಿ ತಿಂಗಳು ಟಾನಿಕ್ ಕೊಂಡೂ ರೆಪ್ಪೆ ಬೆಳ್ಳಗೇ ಇರುವ ಹೆಂಗಸು ಪ್ರತಿ ಬೀದಿಯಲ್ಲಿದ್ದಾಳೆ. ಅವಳಿಗೆ ಬಾಟಲಿಯ ಬೆನ್ನು ಓದಿ ಹೇಳುವವರು ಬೇಕು.

ಕೆಳಗೆ ಇಳಿದಾಗ ಮೊಮ್ಮಗ ಅಂಟಂಟು ಕರಡಿಯಾಕಾರದ ವಿಟಮಿನ್ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಎಷ್ಟನೆಯದು ಎಂದರೆ ನಾಲ್ಕು ಬೆರಳು ತೋರಿಸಿದ. ಮೇಡಂ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದರು. ಮಗುವಿಗೆ ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಸಿಗುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೊಡ್ಡವರ ಕಬ್ಬಿಣದ ಮಾತ್ರೆಯನ್ನು ಮಿಠಾಯಿ ಎಂದುಕೊಂಡು ಮುಷ್ಟಿ ತುಂಬ ತಿಂದ ಮಗುವಿನ ಜೀವಕ್ಕೇ ಅಪಾಯ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಫೈಟೇಟ್ ಇಳಿದು ಅದು ಮೈಗೂ ಹತ್ತುತ್ತದೆ. ಒಂದು ಸೀಬೆಹಣ್ಣಿನಲ್ಲಿ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಿ ವಿಟಮಿನ್. ಆರು ವರ್ಷದ, ಚೆನ್ನಾಗಿ ಉಣ್ಣುವ ಹುಡುಗನಿಗೆ ಇವು ಸಾಕು.

“ಔಷಧಿ ಅಂಗಡಿಗೆ ಹೋದರೆ ಹೇಗೆ ಆರಿಸೋದು ಅಂತ ಒಂದು ಮಾತು ಹೇಳಿ,” ಎಂದರು ಯಜಮಾನರು. ಕಾಗದ, ಪೆನ್ನು ತೆಗೆದಿಟ್ಟುಕೊಂಡಿದ್ದರು.

“ಒಂದೇ ಕಪಾಟಿನಲ್ಲಿ ಎರಡು ಜಾತಿ ಇರುತ್ತೆ. ಒಂದು ಆಹಾರದ ಕಾನೂನಿನ ಕೆಳಗೆ ಬರೋದು. ಅದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರ್, ಔಷಧವಾಗಿ ಬಳಸಲು ಅಲ್ಲ ಅನ್ನೋ ಸಾಲು. ದಿನನಿತ್ಯದ ಪ್ರಮಾಣ ಅಲ್ಲಿರುತ್ತೆ. ಇನ್ನೊಂದು ಔಷಧಿ ಕಾನೂನಿನದು. ಪ್ರಮಾಣ ಹಲವು ಪಟ್ಟು ಜಾಸ್ತಿ ಇರಬಹುದು, ಕೊರತೆಗೆ ಚಿಕಿತ್ಸೆಯಾಗಿ ಕೊಡೋದು. ಬಿ-6 ದಿನಕ್ಕೆ ನೂರು ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ಹೋದರೆ ಅದೇ ಕಾಲು ಜುಮ್ಮೆನ್ನಿಸುತ್ತೆ. ನಿಮ್ಮಂಥೋರು ಜುಮ್ ಹಿಡೀತು ಅಂತ ಅದನ್ನೇ ಇನ್ನೊಂದು ನುಂಗ್ತಾರೆ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿ, ಗುಳಿಗೆಯ ಹೊರಕವಚ ಜೆಲಾಟಿನ್ ಆಗಿರಬಹುದು.”

“ಇದನ್ನೇನು ಮಾಡಲಿ?” ಬಾಟಲಿಯ ಮೇಲೆ ಕೈಯಿಟ್ಟು ಕೇಳಿದರು. “ಮಗಳು ಅಷ್ಟು ಆಸೆಯಿಂದ ತಂದಿದ್ದಾಳೆ.”

“ಇದರಲ್ಲಿ ತಪ್ಪೇನೂ ಇಲ್ಲ, ನಿಮ್ಮ ವಯಸ್ಸಿಗೇ ಮಾಡಿದ್ದು. ಆದರೆ ಮುಚ್ಚಳ ಈಗಲೇ ತೆಗೀಬೇಡಿ. ನಾಳೆ ಬೆಳಿಗ್ಗೆ ಹೋಗಿ ಬಿ-12 ಪರೀಕ್ಷೆ ಮಾಡಿಸಿ. ಮಾತ್ರೆ ಶುರು ಮಾಡಿ ಪರೀಕ್ಷೆಗೆ ಹೋದರೆ ಅಂಕಿ ಮೇಲೇರಿರುತ್ತೆ, ನಿಜವಾದ ಕೊರತೆ ಮುಚ್ಚಿಹೋಗುತ್ತೆ. ರಿಪೋರ್ಟು ತಗೊಂಡು ನಿಮ್ಮ ಶುಗರ್ ಡಾಕ್ಟರ ಹತ್ತಿರ ಹೋಗಿ. ಇನ್ನೂರಕ್ಕಿಂತ ಕಡಿಮೆ ಇದ್ದರೆ ಈ ಬಾಟಲಿಯ ಇಪ್ಪತ್ತೈದು ನಿಮಗೆ ಸಾಲದು, ಅವರು ಬೇರೆ ಕೊಡ್ತಾರೆ. ಚೆನ್ನಾಗಿದ್ದರೆ ಮಧ್ಯಾಹ್ನದ ಊಟ ಆದ ಮೇಲೆ ದಿನಕ್ಕೊಂದು ನೀವೊಬ್ಬರೇ ತಗೊಳ್ಳಿ. ಮೆಟ್‌ಫಾರ್ಮಿನ್ ನುಂಗೋ ತನಕ ಆ ಪರೀಕ್ಷೆ ವರ್ಷಕ್ಕೊಂದು ಸಲ ಆಗ್ತಾ ಇರಲಿ.”

ಯಜಮಾನರು ಬರೆದುಕೊಂಡರು. ಕೆಲಸದ ಹೆಂಗಸು ಚಪ್ಪಲಿ ಮೆಟ್ಟುತ್ತ ಗೇಟಿನ ಬಳಿ ನಿಂತಿದ್ದಳು. ನಾಳೆ ಯಾವ ಮನೆಯ ಕೆಲಸ ತಪ್ಪಿಸಿ ಆಸ್ಪತ್ರೆಗೆ ಹೋಗುವುದು ಎಂಬುದು ಅವಳ ಚಿಂತೆ. ನಮ್ಮ ಮನೆಯದು ತಪ್ಪಿಸು, ನಾನೇ ಜೊತೆಗೆ ಬರುತ್ತೇನೆ ಎಂದಳು ಸೊಸೆ. ಹೊಸಹಳ್ಳಿ ಆಸ್ಪತ್ರೆಗೆ ವಿಜಯನಗರದಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್, ಮತ್ತು ಅಲ್ಲಿ ಕೆಂಪು ಮಾತ್ರೆಗೆ ಹಣವಿಲ್ಲ.